ಸಲಿಂಗ ಸಂಗಾತಿಗಳ ನಡುವಿನ ದೌರ್ಜನ್ಯ: ಕಾನೂನು ಎಲ್ಲಿಯವರೆಗೆ ಜೊತೆಗೆ ಬರುತ್ತದೆ

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಬಾಡಿಗೆ ಮನೆಯಲ್ಲಿ ಇಬ್ಬರು ಹೆಂಗಸರು ಐದಾರು ವರ್ಷಗಳಿಂದ ಸಂಗಾತಿಗಳಾಗಿ ಬಾಳುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರ ಊರು ಕುಂದಾಪುರದ ಕಡೆ, ಇನ್ನೊಬ್ಬರದು ಧಾರವಾಡ; ಅಕ್ಕಪಕ್ಕದವರ ಪಾಲಿಗೆ ಅವರು ಒಂದೇ ಆಫೀಸಿನ ಗೆಳತಿಯರು. ಡಿಪಾಸಿಟ್‌ಗೆ ಇಬ್ಬರೂ ಹಣ ಹಾಕಿದ್ದಾರೆ, ಆದರೆ ಕರಾರುಪತ್ರದಲ್ಲಿ ಇರುವುದು ಒಬ್ಬರ ಹೆಸರು ಮಾತ್ರ. ಒಂದು ರಾತ್ರಿ ಆ ಹೆಸರಿನವರು ಇನ್ನೊಬ್ಬರನ್ನು ಹೊಡೆದು, ಫೋನ್ ಕಿತ್ತುಕೊಂಡು, ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳುತ್ತಾರೆ. ಇದೇ ಕೆಲಸವನ್ನು ಗಂಡನೊಬ್ಬ ಮಾಡಿದ್ದರೆ, ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲೇ ವಾಸಿಸುವ ಹಕ್ಕನ್ನು ಹೆಂಡತಿ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದಿತ್ತು. ಇಲ್ಲಿ ಹೊರಬಿದ್ದವರಿಗೆ ಆ ಹಕ್ಕು ಇದೆಯೇ ಎಂದು ಕೇಳಿದರೆ, ಇಂದಿನ ಸ್ಥಿತಿಯಲ್ಲಿ ಪ್ರಾಮಾಣಿಕ ಉತ್ತರ ‘ಬಹುಮಟ್ಟಿಗೆ ಇಲ್ಲ’ ಎಂಬುದೇ. ಹೊಡೆತ ಒಂದೇ, ಅದರ ನೋವೂ ಒಂದೇ ಆಗಿರುವಾಗ ಪರಿಹಾರ ಮಾತ್ರ ಏಕೆ ಬೇರೆಯಾಯಿತು, ಇರುವ ಕಾನೂನಿನಲ್ಲಿ ಏನನ್ನು ಬಳಸಿಕೊಳ್ಳಬಹುದು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು, ಇಂಥದ್ದು ನಡೆಯುತ್ತದೆಯೇ ಎಂಬ ಸಂಶಯವನ್ನು ಬದಿಗಿಡೋಣ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2010ರಲ್ಲಿ ನಡೆಸಿ 2013ರಲ್ಲಿ ವಿವರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬದುಕಿನ ಯಾವುದೋ ಒಂದು ಹಂತದಲ್ಲಿ ಸಂಗಾತಿಯಿಂದ ಅತ್ಯಾಚಾರ, ಹಲ್ಲೆ ಅಥವಾ ಹಿಂಬಾಲಿಸುವ ಕಿರುಕುಳ ಅನುಭವಿಸಿದ್ದೇವೆ ಎಂದವರು ಲೆಸ್ಬಿಯನ್ ಮಹಿಳೆಯರಲ್ಲಿ ಶೇ. 43.8, ದ್ವಿಲಿಂಗಿ (ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವ) ಮಹಿಳೆಯರಲ್ಲಿ ಶೇ. 61.1, ಭಿನ್ನಲಿಂಗಿ (ಗಂಡಸರತ್ತ ಮಾತ್ರ ಒಲವಿರುವ) ಮಹಿಳೆಯರಲ್ಲಿ ಶೇ. 35, ಗೇ ಪುರುಷರಲ್ಲಿ ಶೇ. 26, ಭಿನ್ನಲಿಂಗಿ ಪುರುಷರಲ್ಲಿ ಶೇ. 29. ಇವು ಇಡೀ ಜೀವಮಾನದ ಲೆಕ್ಕಗಳಾದ್ದರಿಂದ ಹೊಡೆದವರೆಲ್ಲ ಸಲಿಂಗ ಸಂಗಾತಿಗಳೇ ಎಂದು ಓದಬಾರದು. ದ್ವಿಲಿಂಗಿ ಮಹಿಳೆಯರ ಪ್ರಕರಣಗಳಲ್ಲಿ ಬಹುಪಾಲು ಹೊಡೆದವರು ಗಂಡಸರು. ಆದರೂ ಸಲಿಂಗ ಸಂಬಂಧ ತನ್ನಷ್ಟಕ್ಕೇ ಯಾರನ್ನೂ ಹಿಂಸೆಯಿಂದ ಕಾಪಾಡುವುದಿಲ್ಲ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ. ನಮ್ಮಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮದುವೆಯಾದ ಮಹಿಳೆಯರಲ್ಲಿ ಶೇ. 29.3ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದನ್ನು ದಾಖಲಿಸಿತು. ಡೊಂಬಿವಲಿಯ ಆ ಹೆಂಗಸು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ದೌರ್ಜನ್ಯವನ್ನು ಹೊಡೆತದ ಸಂಖ್ಯೆಯಿಂದ ಅಳೆಯುವುದು ತಪ್ಪು. ಅದರ ತಿರುಳು ಒಬ್ಬರು ಇನ್ನೊಬ್ಬರ ಬದುಕಿನ ಮೇಲೆ ಮೆಲ್ಲಗೆ ಹಿಡಿತ ಸಾಧಿಸುವುದು, ಹೊಡೆತ ಆ ಹಿಡಿತವನ್ನು ಆಗಾಗ ನೆನಪಿಸುವುದಕ್ಕೆ ಬರುತ್ತದೆ. ಸಂಬಳ ಬಂದ ದಿನವೇ ಅದು ಇನ್ನೊಂದು ಖಾತೆಗೆ ಹೋಗಬೇಕು. ಲೋಕಲ್ ರೈಲಿನಲ್ಲಿ ಬರುವಾಗ ಫೋನಿನ ಲೈವ್ ಲೊಕೇಶನ್ ಹಾಕಿಯೇ ಇರಬೇಕು. ಥಾಣೆ ರೈಲು ಸ್ಟೇಷನ್ ದಾಟಿ ಇಷ್ಟು ಹೊತ್ತಾದರೂ ಯಾಕೆ ತಲುಪಿಲ್ಲ ಎಂಬುದಕ್ಕೆ ಲೆಕ್ಕ ಕೊಡಬೇಕು. ಮನೆಗೆ ಬಂದೊಡನೆ ಫೋನನ್ನು ಲಾಕ್ ತೆಗೆದು ಮೇಜಿನ ಮೇಲಿಡಬೇಕು. ಯಾರ ಜೊತೆ ಮಾತಾಡಬಹುದು, ಯಾವ ಬಟ್ಟೆ ಹಾಕಬಹುದು, ಊರಿಗೆ ಯಾವಾಗ ಹೋಗಬಹುದು ಎಂಬುದೆಲ್ಲ ಒಬ್ಬರ ಅಪ್ಪಣೆಗೆ ಬಂದಿರುತ್ತದೆ. ಬೇಡವೆಂದಾಗಲೂ ದೇಹಸಂಬಂಧಕ್ಕೆ ಒತ್ತಾಯಿಸುವುದು, ‘ನೀನು ಹೇಗೂ ನಿಜವಾದ ಗಂಡಸಲ್ಲ’ ಎಂದು ಕುಟುಕುವುದು, ಎಚ್‌ಐವಿ ಮಾತ್ರೆಯನ್ನೋ ಹಾರ್ಮೋನ್ ಔಷಧಿಯನ್ನೋ ಬಚ್ಚಿಡುವುದು ಕೂಡ ಈ ಸಾಲಿಗೇ ಸೇರುತ್ತವೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಹಿಂಸೆಯ ನಾಲ್ಕೂ ಮುಖಗಳನ್ನು ಗುರುತಿಸಿರುವುದು ಇದೇ ಕಾರಣಕ್ಕೆ. ಅಷ್ಟರಮಟ್ಟಿಗೆ ಅದು ಬಹಳ ವಿವೇಕದ ಕಾಯ್ದೆ.

ಸಲಿಂಗ ಸಂಬಂಧದಲ್ಲಿ ಇವೆಲ್ಲದರ ಮೇಲೆ ಇನ್ನೊಂದು ಆಯುಧ ಸೇರಿಕೊಳ್ಳುತ್ತದೆ, ಅದು ಗುಟ್ಟು. ‘ನಿನ್ನ ಅಣ್ಣನಿಗೆ ಫೋಟೋ ಕಳಿಸುತ್ತೇನೆ’, ‘ನಿಮ್ಮ ಆಫೀಸಿನ ಎಚ್‌ಆರ್‌ಗೆ ಹೇಳುತ್ತೇನೆ’ ಎಂಬ ಒಂದೇ ಮಾತು ವರ್ಷಗಟ್ಟಲೆ ಒಬ್ಬರನ್ನು ಬಾಯಿಮುಚ್ಚಿಸಿ ಇಡಬಲ್ಲದು. ಮುಂಬೈಯ ಕನ್ನಡಿಗರಿಗೆ ಈ ಬೆದರಿಕೆಯ ತೂಕ ಇನ್ನೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ದೂರದಿಂದ ನೋಡುವವರಿಗೆ ಮುಂಬೈ ಯಾರ ಪರಿಚಯವೂ ಇಲ್ಲದೆ ಬದುಕಬಹುದಾದ ಮಹಾನಗರ. ಆದರೆ ಇಲ್ಲಿನ ಕನ್ನಡಿಗರ ಪ್ರಪಂಚ ಚಿಕ್ಕದು, ಒತ್ತೊತ್ತಾಗಿ ಹೆಣೆದದ್ದು: ಕೆಲಸ ಕೊಡಿಸಿದವರು ಊರಿನ ನೆಂಟರು, ಮನೆ ತೋರಿಸಿದವರು ಜಾತಿ ಸಂಘದ ಪರಿಚಯದವರು, ಯಕ್ಷಗಾನಕ್ಕೋ ಗಣೇಶೋತ್ಸವಕ್ಕೋ ಸಂಘದ ಸಭಾಗೃಹಕ್ಕೆ ಹೋದರೆ ಸಿಗುವವರು ಸೋದರಮಾವನ ಸ್ನೇಹಿತರು. ಕುರ್ಲಾದಲ್ಲಿ ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಕುಟುಂಬದ ವಾಟ್ಸಾಪ್ ಗುಂಪಿನ ಮೂಲಕ ಕುಂದಾಪುರ ಮುಟ್ಟಿರುತ್ತದೆ. ಹಾಗಾಗಿ ಹೊಡೆತ ತಿಂದವರು ಎರಡು ಭಯಗಳನ್ನು ತೂಗಿ ನೋಡುತ್ತಾರೆ: ಮನೆಯೊಳಗಿನ ಒಬ್ಬರ ಭಯ, ಹೊರಗಿನ ಎಲ್ಲರ ಭಯ. ಎರಡನೆಯದೇ ದೊಡ್ಡದೆನಿಸಿದಾಗ ಮೊದಲನೆಯದನ್ನು ಸಹಿಸಿಕೊಳ್ಳುತ್ತಾರೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಮೇಲೆ ‘ಪೊಲೀಸರಿಗೆ ಹಿಡಿದುಕೊಡುತ್ತೇನೆ’ ಎಂಬ ಬೆದರಿಕೆಗೆ ಆಧಾರವೇ ಇಲ್ಲ. ‘ಅಪ್ಪನಿಗೆ ಹೇಳುತ್ತೇನೆ’ ಎಂಬುದನ್ನು ಯಾವ ತೀರ್ಪೂ ತೆಗೆದುಹಾಕಲಾರದು.

ಇನ್ನೊಂದು ಬಗೆಯ ಮೌನವೂ ಇದೆ, ಅದು ಸಮುದಾಯದ ಒಳಗಿನದು. ತಮ್ಮ ಪ್ರೀತಿ ಯಾರ ಪ್ರೀತಿಗೂ ಕಡಿಮೆಯದಲ್ಲ ಎಂದು ದಶಕಗಳ ಕಾಲ ಜಗತ್ತಿಗೆ ಹೇಳಿ ದಣಿದವರಿಗೆ, ಅದೇ ಪ್ರೀತಿಯೊಳಗೆ ಹೊಡೆತವೂ ಇದೆ ಎಂದು ಒಪ್ಪುವುದು ಎದುರಾಳಿಗಳ ಕೈಗೆ ಕೋಲು ಕೊಟ್ಟಂತೆ ಅನಿಸುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಮೌನದ ಬೆಲೆ ತೆರುವವರು ಹೊಡೆತ ತಿನ್ನುವವರು, ಅವರನ್ನು ಆ ಲೆಕ್ಕಕ್ಕೆ ಒತ್ತೆಯಿಡುವ ಅಧಿಕಾರ ಯಾರಿಗೂ ಇಲ್ಲ.

ಸಹಾಯಕ್ಕೆ ಬಂದವರು ಎಡವುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆಯಲ್ಲಿ: ಇಬ್ಬರಲ್ಲಿ ಹಿಂಸೆ ಮಾಡುತ್ತಿರುವವರು ಯಾರು? ಗಂಡ ಹೆಂಡತಿಯ ಪ್ರಕರಣದಲ್ಲಿ ನೋಡುವವರಿಗೆ ಸಿದ್ಧ ಉತ್ತರವೊಂದು ಇರುತ್ತದೆ. ಇಬ್ಬರೂ ಹೆಂಗಸರಾದರೆ ‘ರೂಮ್‌ಮೇಟ್‌ಗಳ ಜಗಳ’, ಇಬ್ಬರೂ ಗಂಡಸರಾದರೆ ‘ಸಮಬಲರ ಹೊಡೆದಾಟ’ ಎಂದು ಕಡತ ಮುಚ್ಚಿಬಿಡುತ್ತಾರೆ. ಇಲ್ಲವಾದರೆ ಕ್ರಾಪ್ ಮಾಡಿಸಿಕೊಂಡು ಪ್ಯಾಂಟ್ ತೊಟ್ಟ ಹೆಂಗಸೇ ಹೊಡೆದಿರಬೇಕು, ಮೃದು ಮಾತಿನ ಗಂಡಸೇ ಹೊಡೆಸಿಕೊಂಡಿರಬೇಕು ಎಂದು ಊಹಿಸುತ್ತಾರೆ. ಎರಡೂ ದಾರಿ ತಪ್ಪಿಸುತ್ತವೆ. ಮೈಕಟ್ಟು ದೊಡ್ಡದಿರುವವರೇ ಸಂಗಾತಿಯ ಕಾಲಿನ ಸಪ್ಪಳಕ್ಕೆ ನಡುಗುವವರಾಗಿರಬಹುದು. ವರ್ಷಗಟ್ಟಲೆ ಸಹಿಸಿ ಒಂದು ದಿನ ತಿರುಗಿ ಹೊಡೆದವರ ಉಗುರಿನ ಗುರುತು ಇನ್ನೊಬ್ಬರ ಮೈಮೇಲೆ ಇರಬಹುದು, ಮೊದಲು ಠಾಣೆಗೆ ಓಡಿಹೋಗಿ ಆ ಗುರುತನ್ನು ತೋರಿಸಿದವರು ಹಿಂಸೆ ಮಾಡುತ್ತಿದ್ದವರೇ ಆಗಿರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. ಮನೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ? ಹಣ, ಫೋನು, ಬೀಗದ ಕೈ ಯಾರ ಹತ್ತಿರ ಇವೆ? ಜಗಳವಾದ ಮೇಲೆ ಯಾರ ಬದುಕು ಕಿರಿದಾಗುತ್ತಾ ಬಂದಿದೆ, ಯಾರು ಸ್ನೇಹಿತರನ್ನು ಬಿಟ್ಟರು, ಯಾರು ಕೆಲಸ ಬದಲಿಸಿದರು? ಈ ಉತ್ತರಗಳನ್ನು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಯೇ ಪಡೆಯಬೇಕು. ಹಿಂಸೆ ಇರುವ ಸಂಬಂಧದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ಆಪ್ತಸಮಾಲೋಚನೆ ಮಾಡಿದರೆ, ಅಲ್ಲಿ ಬಾಯಿಬಿಟ್ಟು ಹೇಳಿದ ನಿಜಕ್ಕೆ ಮನೆಗೆ ಹೋದಮೇಲೆ ದಂಡ ತೆರಬೇಕಾಗುತ್ತದೆ.

ಇನ್ನು ಕಾನೂನು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ 2005ರ ಕಾಯ್ದೆಯ ನೆರವು ಸಿಗಬೇಕಾದರೆ ಮೂರು ಬಾಗಿಲು ದಾಟಬೇಕು. ದೂರು ಕೊಡುವವರು ಮಹಿಳೆಯಾಗಿರಬೇಕು; ಆಪಾದಿತರು ಆ ಕಾಯ್ದೆ ಹೇಳುವ ‘ಪ್ರತಿವಾದಿ’ಯಾಗಿರಬೇಕು; ಇಬ್ಬರ ನಡುವೆ ಅದೇ ಕಾಯ್ದೆ ಹೇಳುವ ‘ಕೌಟುಂಬಿಕ ಸಂಬಂಧ’ ಇರಬೇಕು. ಎರಡನೆಯ ಬಾಗಿಲನ್ನು ತೆರೆದದ್ದು ಮುಂಬೈಯಿಂದ ಹೋದ ಪ್ರಕರಣವೇ. ತಾಯಿ ಮತ್ತು ಮಗಳು ಸೇರಿ ಮನೆಯ ಮಗ, ಸೊಸೆ ಮತ್ತು ಇತರ ಹೆಣ್ಣುಮಕ್ಕಳ ಮೇಲೆ ದೂರು ಕೊಟ್ಟಿದ್ದರು. ಕಾಯ್ದೆಯಲ್ಲಿ ಪ್ರತಿವಾದಿ ಎಂದರೆ ‘ವಯಸ್ಕ ಪುರುಷ’ ಎಂದಿದ್ದುದರಿಂದ ಹೆಂಗಸರ ಮೇಲಿನ ದೂರು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟ್ ಮೂಲಕ ಸುಪ್ರೀಂ ಕೋರ್ಟ್ ತಲುಪಿತು. ಹಿರಲ್ ಹರ್ಸೋರಾ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯವು 2016ರ ಅಕ್ಟೋಬರ್ 6ರಂದು ಆ ಎರಡು ಪದಗಳನ್ನೇ ಅಳಿಸಿಹಾಕಿತು. ಅಂದಿನಿಂದ ಹೆಂಗಸಿನ ವಿರುದ್ಧವೂ ಈ ಕಾಯ್ದೆಯಡಿ ಹೋಗಬಹುದು.

ಮುಚ್ಚಿಕೊಂಡಿರುವುದು ಮೂರನೆಯದು. ರಕ್ತಸಂಬಂಧ, ಮದುವೆ, ಮದುವೆಯಂಥ ಸಂಬಂಧ, ದತ್ತು, ಅವಿಭಕ್ತ ಕುಟುಂಬ ಎಂದು ಕಾಯ್ದೆಯ 2(ಎಫ್) ಸೆಕ್ಷನ್ ಕೌಟುಂಬಿಕ ಸಂಬಂಧಗಳನ್ನು ಎಣಿಸುತ್ತದೆ. ಸಲಿಂಗ ಸಂಗಾತಿಗಳು ಇದರಲ್ಲಿ ‘ಮದುವೆಯಂಥ ಸಂಬಂಧ’ದ ಅಡಿಯಲ್ಲಿ ಮಾತ್ರ ಬರಬಲ್ಲರು. ಆದರೆ 2010ರ ವೇಲುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಜೋಡಿ ಕಾನೂನುಬದ್ಧವಾಗಿ ಮದುವೆಯಾಗಲು ಅರ್ಹರಾಗಿರಬೇಕು ಎಂಬುದನ್ನು ಒಂದು ಷರತ್ತಾಗಿ ಇಟ್ಟಿತು. ಬೆಂಗಳೂರಿನಿಂದ ಹೋದ ಇಂದ್ರಾ ಶರ್ಮಾ ಪ್ರಕರಣದ 2013ರ ತೀರ್ಪಿನಲ್ಲಿ, ಗೇ ಮತ್ತು ಲೆಸ್ಬಿಯನ್ ಸಂಗಾತಿಗಳ ಸಂಬಂಧವನ್ನು ಈ ಕಾಯ್ದೆ ಗುರುತಿಸುವುದಿಲ್ಲ ಎಂದು ನೇರವಾಗಿಯೇ ಬರೆಯಿತು. ಆ ಮೊಕದ್ದಮೆ ಒಬ್ಬ ವಿವಾಹಿತ ಪುರುಷ ಮತ್ತು ಅವನೊಡನೆ ಬಾಳಿದ ಮಹಿಳೆಯ ಕುರಿತಾದದ್ದು, ಸಲಿಂಗಿಗಳ ಮಾತು ಅಲ್ಲಿ ಸಂಬಂಧಗಳ ಬಗೆಗಳನ್ನು ವಿವರಿಸುವಾಗ ಬಂದದ್ದು, ಜೊತೆಗೆ ಅದು 2016 ಮತ್ತು 2018ರ ತೀರ್ಪುಗಳಿಗಿಂತ ಹಿಂದಿನದು. ಹೀಗಾಗಿ ಆ ಮಾತನ್ನು ಮರುಪರಿಶೀಲಿಸಬೇಕು ಎಂದು ವಾದಿಸಲು ವಕೀಲರಿಗೆ ಅವಕಾಶವಿದೆ. ಆದರೆ ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗದ ಕೆಲಸ ಎಂದು ಬಿಟ್ಟದ್ದರಿಂದ, ಕೆಳ ನ್ಯಾಯಾಲಯದಲ್ಲಿ ಆ ವಾದ ಗೆಲ್ಲುವುದು ಸುಲಭವಲ್ಲ. ಅಂಥ ಅರ್ಜಿ ಹಾಕುವವರಿಗೆ ಇದನ್ನು ಮೊದಲೇ ಹೇಳುವುದು ವಕೀಲರ ಕರ್ತವ್ಯ.

ಹಾಗೆಂದು ಕಾಯ್ದೆ ಪೂರ್ತಿ ಕೈಗೆಟುಕದ್ದಲ್ಲ. ಲೆಸ್ಬಿಯನ್ ಮಗಳನ್ನು ಕೂಡಿಹಾಕುವ ಅಪ್ಪ, ಫೋನ್ ಒಡೆಯುವ ಅಣ್ಣ, ಬಲವಂತದ ಮದುವೆಗೆ ಒತ್ತುವ ಅಮ್ಮ ಇವರೆಲ್ಲರ ಜೊತೆ ಇರುವುದು ರಕ್ತಸಂಬಂಧ. ಒಂದೇ ಮನೆಯಲ್ಲಿ ಬಾಳಿದವರಾದ್ದರಿಂದ ಅವರ ವಿರುದ್ಧ ಇದೇ ಕಾಯ್ದೆಯ 12ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು. ಸಲಿಂಗಿ ಹೆಣ್ಣುಮಕ್ಕಳು ಅನುಭವಿಸುವ ಹಿಂಸೆಯಲ್ಲಿ ತವರಿನ ಪಾಲು ದೊಡ್ಡದು. ಅದಕ್ಕೆ ಮದ್ದು ಈಗಾಗಲೇ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಮಹಿಳೆ ಎಂದರೆ ಯಾರು ಎಂಬ ಮೊದಲನೆಯ ಬಾಗಿಲನ್ನೂ ಬಾಂಬೆ ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ಅಗಲಗೊಳಿಸಿತು: ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಟ್ರಾನ್ಸ್ ಮಹಿಳೆಯೂ ಈ ಕಾಯ್ದೆಯಡಿ ‘ನೊಂದ ವ್ಯಕ್ತಿ’ಯೇ ಎಂದು ನ್ಯಾಯಮೂರ್ತಿ ಅಮಿತ್ ಬೋರ್ಕರ್ ಹೇಳಿದರು.

ಗಂಡಸರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಮನೆಯಲ್ಲಿ ಉಳಿಯುವ ಆದೇಶ, ಹತ್ತಿರ ಬರಬಾರದೆಂಬ ರಕ್ಷಣಾ ಆದೇಶ, ತುರ್ತು ಖರ್ಚಿಗೆ ಹಣ ಇವು ಯಾವುವೂ 2005ರ ಕಾಯ್ದೆಯಿಂದ ಗಂಡಸಿಗೆ ಸಿಗುವುದಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ, ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ 2018ರ ನಂತರವೂ ಬಲವಂತದ ಕೃತ್ಯಗಳಿಗೆ ಉಳಿದಿತ್ತು. 2024ರ ಜುಲೈ 1ರಂದು ಆ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ಆ ಸೆಕ್ಷನ್‌ಗೆ ಬದಲಿ ಏನೂ ಬರಲಿಲ್ಲ. ಒಪ್ಪಿಗೆಯಿಲ್ಲದ ಕೃತ್ಯಗಳಿಗೆ ಅದನ್ನು ಉಳಿಸಿಕೊಳ್ಳಿ ಎಂದು ಗೃಹ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲಿ ಶಿಫಾರಸು ಮಾಡಿದ್ದರೂ ಅದು ನಡೆಯಲಿಲ್ಲ. ಪರಿಣಾಮವಾಗಿ, ವಯಸ್ಕ ಪುರುಷನ ಮೇಲೆ ಅವನ ಸಂಗಾತಿ ಅತ್ಯಾಚಾರ ಮಾಡಿದರೆ ಅದನ್ನು ಅತ್ಯಾಚಾರವೆಂದೇ ದಾಖಲಿಸುವ ಸೆಕ್ಷನ್ ಇಂದು ಸಂಹಿತೆಯಲ್ಲಿ ಇಲ್ಲ. ಹಲ್ಲೆ, ಗಾಯ, ಅಕ್ರಮ ಬಂಧನಗಳ ಅಡಿಯಲ್ಲಿ ದೂರು ಬರೆಸಬೇಕು. ಇಷ್ಟು ದೊಡ್ಡ ಬಿರುಕನ್ನು ಶಾಸನ ರಚಿಸುವವರು ತಿಳಿದೂ ಬಿಟ್ಟದ್ದು ನನಗೆ ಅಕ್ಷಮ್ಯವೆನಿಸುತ್ತದೆ.

ಆದರೆ ಹೊಡೆತಕ್ಕೆ ಲಿಂಗಭೇದವಿಲ್ಲದ ಸೆಕ್ಷನ್‌ಗಳಿವೆ, ಮುಂಬೈಯ ಠಾಣೆಗಳಲ್ಲಿ ಅವು ಕೆಲಸ ಮಾಡುವ ರೀತಿಯನ್ನು ತಿಳಿದಿರುವುದು ಒಳ್ಳೆಯದು. ಕೈಯಿಂದ ಹೊಡೆದದ್ದು ನ್ಯಾಯ ಸಂಹಿತೆಯ 115(2)ರ ಅಡಿ ಬರುತ್ತದೆ. ಅದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧವಾದ್ದರಿಂದ ಠಾಣೆಯಲ್ಲಿ ಎಫ್‌ಐಆರ್ ಬದಲು ‘ಎನ್‌ಸಿ’ (ಅಸಂಜ್ಞೇಯ ದೂರಿನ ದಾಖಲೆ) ಬರೆದುಕೊಂಡು ‘ಆಪಸಾತ್ ಮಿಟವಾ’, ಅಂದರೆ ನಿಮ್ಮನಿಮ್ಮಲ್ಲೇ ಮುಗಿಸಿಕೊಳ್ಳಿ ಎಂದು ಕಳಿಸುವ ಸಂಭವವೇ ಹೆಚ್ಚು. ಆ ಎನ್‌ಸಿ ಪ್ರತಿಯನ್ನು ಎಸೆಯಬಾರದು. ಮುಂದೆ ಹಿಂಸೆ ಹೊಸದಲ್ಲ ಎಂದು ತೋರಿಸಲು ಅದೇ ಮೊದಲ ದಾಖಲೆ. ಚಾಕುವಿನಿಂದ ಇರಿದರೆ, ಕಾದ ತವಾದಿಂದ ಸುಟ್ಟರೆ 118(1), ಮೂಳೆ ಮುರಿದರೆ 117(2), ಕೋಣೆಯಲ್ಲಿ ಕೂಡಿಹಾಕಿದರೆ 127(2) ಅನ್ವಯವಾಗುತ್ತವೆ. ಇವೆಲ್ಲ ಸಂಜ್ಞೇಯ, ಪೊಲೀಸರು ಎಫ್‌ಐಆರ್ ಮಾಡಲೇಬೇಕು. ಗುಟ್ಟು ಹೊರಹಾಕುತ್ತೇನೆ ಎಂದು ಹೆದರಿಸಿ ಹಣ ಕಿತ್ತರೆ ಅದು 308ರ ಸುಲಿಗೆ, ಏಳು ವರ್ಷದವರೆಗೆ ಶಿಕ್ಷೆಯಿದೆ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೆ ಅಥವಾ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಇದೆ. ಅಲ್ಲಿಯೂ ಗಂಡು ಹೆಣ್ಣೆಂಬ ಭೇದವಿಲ್ಲ. ಮತ್ತೆ ಹೊಡೆಯುವ ಅಪಾಯವಿದ್ದರೆ, ಶಾಂತಿ ಕಾಪಾಡುವಂತೆ ಮುಚ್ಚಳಿಕೆ ಬರೆಸಿಕೊಳ್ಳುವ, ಇಲ್ಲಿನವರು ‘ಚಾಪ್ಟರ್ ಕೇಸ್’ ಎನ್ನುವ ಕ್ರಮವನ್ನು ನಾಗರಿಕ ಸುರಕ್ಷಾ ಸಂಹಿತೆಯ 126ನೇ ಸೆಕ್ಷನ್ ಅಡಿ ಕೇಳಬಹುದು. ಗಂಡಸರಿಗೆ ರಕ್ಷಣಾ ಆದೇಶದ ಹತ್ತಿರಕ್ಕಾದರೂ ಬರುವುದು ಇದೊಂದೇ ಇರಬಹುದು. ಠಾಣೆಯಲ್ಲಿ ದೂರು ಬರೆಯುವುದು ಮರಾಠಿಯಲ್ಲಿ. ಓದಲು ಬಾರದಿದ್ದರೆ ಹಿಂದಿಯಲ್ಲಿ ಅರ್ಥ ಹೇಳಿಸಿಕೊಂಡ ಮೇಲೆಯೇ ಸಹಿ ಮಾಡಬೇಕು; ಓದಿ ಹೇಳುವುದು, ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೊಡುವುದು ಪೊಲೀಸರ ಹೊಣೆ. ಗಾಯವಾಗಿದ್ದರೆ ಮೊದಲು ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋಗಿ, ಯಾರು ಹೊಡೆದರೆಂದು ಹೇಳಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸುವುದು ಜಾಣತನ. ‘ಬಾತ್‌ರೂಮಿನಲ್ಲಿ ಜಾರಿಬಿದ್ದೆ’ ಎಂದು ಬರೆಸಿದ ಕಾಗದ ಮುಂದೆ ನಮ್ಮ ವಿರುದ್ಧವೇ ನಿಲ್ಲುತ್ತದೆ.

ಮನೆಯ ಪ್ರಶ್ನೆಗೆ ಮುಂಬೈಯಲ್ಲಿ ಮುಂಜಾಗ್ರತೆಯೇ ದೊಡ್ಡ ಪರಿಹಾರ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಕೊಡುವಾಗ ಮಾಡಿಕೊಳ್ಳುವ ಒಪ್ಪಂದ) ಲಿಖಿತವಾಗಿದ್ದು ನೋಂದಣಿಯಾಗಬೇಕು, ಆ ಹೊಣೆ ಮಾಲೀಕರದ್ದು. ಅದರಲ್ಲಿ ಇಬ್ಬರು ಬಾಡಿಗೆದಾರರ ಹೆಸರನ್ನೂ ಹಾಕಿಸಬಹುದು, ಅವರಿಬ್ಬರ ಸಂಬಂಧ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಹೆಸರು ಇದ್ದರೆ ಸೊಸೈಟಿಯ ಕಾವಲುಗಾರನಾಗಲಿ ಸಂಗಾತಿಯಾಗಲಿ ಮಧ್ಯರಾತ್ರಿ ‘ನೀನು ಯಾರು’ ಎಂದು ಕೇಳುವಂತಿಲ್ಲ. ಡಿಪಾಸಿಟ್‌ನಲ್ಲಿ ತಮ್ಮ ಪಾಲನ್ನು ನಗದಿನ ಬದಲು ಬ್ಯಾಂಕ್ ಮೂಲಕ ನೇರವಾಗಿ ಮಾಲೀಕರಿಗೆ ಕಳಿಸಿದರೆ ಅದಕ್ಕೂ ಗುರುತು ಉಳಿಯುತ್ತದೆ. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಪರಸ್ಪರರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಅದು ಒಳ್ಳೆಯದೇ, ಆದರೆ ಸಂಬಳ ಬರುವ ಖಾತೆ ಒಬ್ಬರದೇ ಹೆಸರಿನಲ್ಲಿ ಪ್ರತ್ಯೇಕವಾಗಿ ಇರಲಿ ಎನ್ನುತ್ತೇನೆ. ಎಷ್ಟೇ ಪ್ರೀತಿಯಿದ್ದರೂ ಈ ಎಚ್ಚರಿಕೆ ಸಂಶಯದ ಲಕ್ಷಣವಲ್ಲ.

ಸಹಾಯ ಎಲ್ಲಿ ಸಿಗುತ್ತದೆ ಎಂಬ ವಿಷಯದಲ್ಲಿ ಮುಂಬೈ ಅದೃಷ್ಟಶಾಲಿ ನಗರ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಪೊಲೀಸ್ ವ್ಯವಸ್ಥೆಯ ಒಳಗೇ ಆರಂಭಿಸಿದ ಮಹಿಳೆಯರು ಮತ್ತು ಮಕ್ಕಳ ವಿಶೇಷ ಘಟಕ ಹುಟ್ಟಿದ್ದು ಇಲ್ಲಿ. ಆಸ್ಪತ್ರೆಯೊಳಗೇ ಆಪ್ತಸಮಾಲೋಚನೆ ಕೊಡುವ ದಿಲಾಸಾ ಕೇಂದ್ರ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಈ ಶತಮಾನದ ಆರಂಭದಲ್ಲೇ ಶುರುವಾಯಿತು. 1994ರಿಂದ ಇರುವ ಹಮ್‌ಸಫರ್ ಟ್ರಸ್ಟ್ ಗೇ ಪುರುಷರು ಮತ್ತು ಟ್ರಾನ್ಸ್ ವ್ಯಕ್ತಿಗಳ ನಡುವೆ, 1995ರಲ್ಲಿ ಸ್ತ್ರೀ ಸಂಗಮ್ ಎಂಬ ಹೆಸರಿನಲ್ಲಿ ಆರಂಭವಾದ ಲಾಬಿಯಾ ಲೆಸ್ಬಿಯನ್, ದ್ವಿಲಿಂಗಿ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುತ್ತ ಬಂದಿವೆ. ಪುಣೆಯಲ್ಲಿ ಸಮಪಥಿಕ್ ಟ್ರಸ್ಟ್ ಇದೆ. ತುರ್ತಿಗೆ 112, ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100. ಕಾನೂನು ನೆರವು ಮಹಿಳೆಗೆ ಆದಾಯದ ಮಿತಿಯಿಲ್ಲದೆ ಸಿಗುತ್ತದೆ, ಗಂಡಸರಿಗೆ ಆದಾಯ ಮತ್ತು ಇತರ ಅರ್ಹತೆಗಳನ್ನು ನೋಡುತ್ತಾರೆ.

ಸ್ನೇಹಿತರೋ ಅಕ್ಕ ತಂಗಿಯರೋ ಆಗಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಂಬಿ ಹೇಳಿಕೊಂಡವರ ಗುಟ್ಟನ್ನು, ಒಳ್ಳೆಯ ಉದ್ದೇಶದಿಂದಲೂ, ಅವರ ಅಪ್ಪಣೆಯಿಲ್ಲದೆ ಊರಿಗೆ ಮುಟ್ಟಿಸಬೇಡಿ. ಹಾಗೆ ಮಾಡಿದರೆ ಹೊಡೆಯುವವರು ಹಾಕುತ್ತಿದ್ದ ಬೆದರಿಕೆಯನ್ನು ನೀವೇ ನಡೆಸಿಕೊಟ್ಟಂತಾಗುತ್ತದೆ. ‘ಬಿಟ್ಟು ಬಾ’ ಎನ್ನುವ ಮೊದಲು ಎಲ್ಲಿಗೆ ಬರಬೇಕೆಂಬುದನ್ನು ಹೇಳಿ: ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆರೆಯುವ ಒಂದು ಮನೆ, ಆಧಾರ್ ಮತ್ತು ಪಾಸ್‌ಬುಕ್‌ನ ಪ್ರತಿಗಳನ್ನು ಇಟ್ಟುಕೊಳ್ಳಲು ಒಂದು ಕಪಾಟು, ಬಾಯಿಪಾಠವಾಗಿರುವ ಒಂದು ಫೋನ್ ನಂಬರು. ಸಂಬಂಧ ಬಿಡುವ ದಿನಗಳೇ ಹೆಚ್ಚು ಅಪಾಯದವು ಎಂಬುದನ್ನು ಇಂಥ ಪ್ರಕರಣಗಳಲ್ಲಿ ಕೆಲಸ ಮಾಡುವವರೆಲ್ಲ ಹೇಳುತ್ತಾರೆ.

ಕಾಯ್ದೆಯಲ್ಲಿ ಬೇಕಾದ ತಿದ್ದುಪಡಿ ದೊಡ್ಡದೇನೂ ಅಲ್ಲ. 2(ಎಫ್) ಸೆಕ್ಷನ್‌ನಲ್ಲಿ ಒಂದೇ ಮನೆಯಲ್ಲಿ ಸಂಗಾತಿಗಳಾಗಿ ಬಾಳುವವರು ಯಾವ ಲಿಂಗದವರಾದರೂ ಸರಿ ಎಂಬ ಮಾತು ಸೇರಿದರೆ ಡೊಂಬಿವಲಿಯಂಥ ಮನೆಗಳ ಹೆಂಗಸರಿಗೆ ರಕ್ಷಣೆ ಸಿಗುತ್ತದೆ, ಸಲಿಂಗ ವಿವಾಹದ ಚರ್ಚೆ ಮುಗಿಯುವವರೆಗೆ ಕಾಯಬೇಕಾಗುವುದಿಲ್ಲ. ಗಂಡಸರಿಗೆ ಬೇಕಾದದ್ದು ಎರಡು: ನ್ಯಾಯ ಸಂಹಿತೆಯಲ್ಲಿ ವಯಸ್ಕ ಪುರುಷನ ಮೇಲಿನ ಲೈಂಗಿಕ ದೌರ್ಜನ್ಯಕ್ಕೊಂದು ಸೆಕ್ಷನ್, ಸಿವಿಲ್ ಸ್ವರೂಪದ ಒಂದು ರಕ್ಷಣಾ ಆದೇಶ. ಈ ಬೇಡಿಕೆಗಳನ್ನು ಮುಂಬೈಯ ಕನ್ನಡ ಸಂಘಗಳೂ ತಮ್ಮ ಮಹಿಳಾ ವಿಭಾಗ ಮತ್ತು ಯುವ ವಿಭಾಗಗಳಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕು. ಕಾನೂನು ಅರಿವಿನ ಶಿಬಿರಗಳನ್ನು ಅವು ಹೇಗೂ ನಡೆಸುತ್ತವೆ. ಮುಂದಿನ ಶಿಬಿರಕ್ಕೆ ಬರುವ ವಕೀಲರಿಗೆ ಈ ವಿಷಯವನ್ನೂ ಒಪ್ಪಿಸಬಹುದು.